ಸೇರುವಾಗಿನ ನೋವನ್ನು ಡಾಕ್ಟರ್ ಎದುರು ಹೇಳುವುದು ಹೇಗೆ?

ಅಘನಾಶಿನಿ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನವಳು. ವಯಸ್ಸು 32, ಮದುವೆಯಾಗಿ 6 ವರ್ಷ. ಹೆಸರು ಹಾಕದೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮದುವೆಯಾದ ವರ್ಷದಿಂದಲೂ ಗಂಡನ ಜೊತೆ ಸೇರಿದಾಗ ಕಿಬ್ಬೊಟ್ಟೆಯ ಒಳಗೆ, ಬೆನ್ನಿನ ಕಡೆಗೆ, ಚುಚ್ಚಿದ ಹಾಗೆ ನೋವು. ಮುಗಿದ ಮೇಲೂ ಎರಡು ತಾಸು ಬಿಡುತ್ತಿರಲಿಲ್ಲ. ಗೋಡೆ ಕಡೆ ತಿರುಗಿ, ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದೆ. ನನಗೆ ಸಿಟ್ಟು ಬಂದಿದೆ ಎಂದುಕೊಂಡು ಅವರು ಆ ಕಡೆ ತಿರುಗುತ್ತಿದ್ದರು. ಮುಟ್ಟಿನ ಎರಡನೇ ದಿನವಂತೂ ಸಂಡಾಸಿಗೆ ಕೂತರೆ ಜೀವ ಹೋದ ಹಾಗೆ.

ಅಮ್ಮನ ಹತ್ತಿರ ಅರ್ಧ ಹೇಳಿದೆ. "ಒಂದು ಮಗು ಆದರೆ ಎಲ್ಲ ಸರಿ ಹೋಗ್ತದೆ" ಅಂದಳು. ಎರಡು ಕಡೆ ಡಾಕ್ಟರಿಗೆ ತೋರಿಸಿದೆ. ಎರಡೂ ಕಡೆ ಸ್ಕ್ಯಾನ್ ನಾರ್ಮಲ್, ನೋವಿನ ಮಾತ್ರೆ, ಜೊತೆಗೆ ಮಗುವಿಗಾಗಿ ಮಾತ್ರೆ. ಮಗು ಯಾಕೆ ಆಗಲಿಲ್ಲ ಎಂದು ಈ 6 ವರ್ಷದಲ್ಲಿ ಕೇಳಿದವರಿಗೆ ಲೆಕ್ಕವಿಲ್ಲ. ಮಗು ಆಗಬೇಕಾದ ಆ ಹೊತ್ತಿನಲ್ಲೇ ನನಗೆ ನೋವಾಗುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿರುತ್ತಿದ್ದರು.

ಮೂರನೇ ಡಾಕ್ಟರು ಅತ್ತೆಯನ್ನು ಹೊರಗೆ ಕೂರಲು ಹೇಳಿ, ಬರೆಯುವುದನ್ನು ನಿಲ್ಲಿಸಿ ಕೇಳಿದರು: "ಸೇರುವಾಗ ನೋವಾಗ್ತದಾ? ಹೊಸ್ತಿಲಲ್ಲೋ, ಒಳಗೆ ಆಳದಲ್ಲೋ?" ನನಗೆ ಉತ್ತರ ಕೊಡಲಿಕ್ಕಾಗದೆ ಅಳು ಬಂತು. ಆಮೇಲೆ ಒಳಪರೀಕ್ಷೆ ಮಾಡುವಾಗ ಹಿಂದಿನ ಕಡೆ ಒಂದು ಜಾಗ ಒತ್ತಿದರು ನೋಡಿ, ಅದೇ ನೋವು. ಅಷ್ಟು ವರ್ಷ ಕತ್ತಲೆಯಲ್ಲಿ ಅನುಭವಿಸಿದ್ದನ್ನು ಒಬ್ಬರು ಬೆರಳಿಟ್ಟು ತೋರಿಸಿದ ಹಾಗಾಯಿತು. ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ ಎಡ ಅಂಡಾಶಯದಲ್ಲಿ 4 ಸೆಂಟಿಮೀಟರಿನ ಚಾಕಲೇಟ್ ಸಿಸ್ಟ್, ಅಂದರೆ ಹಳೆಯ ರಕ್ತ ತುಂಬಿದ ಗಂಟು, ಕಾಣಿಸಿತು. ಅಂಡಾಶಯ ಗರ್ಭಕೋಶದ ಹಿಂಬದಿಗೆ ಅಂಟಿಕೊಂಡಿದೆಯಂತೆ. ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಅವತ್ತೇ ನಾನು ಮೊದಲು ಕೇಳಿದ್ದು.

ನನ್ನ ಪ್ರಶ್ನೆ ಇಷ್ಟೇ. ನಿಮ್ಮಲ್ಲಿ ಇಂಥದ್ದನ್ನು ಹೇಳಿಕೊಂಡವರು ಹೇಗೆ ಹೇಳಿದಿರಿ? ಯಾವ ಮಾತಿನಲ್ಲಿ? ಆ ಡಾಕ್ಟರು ಕೇಳದೇ ಹೋಗಿದ್ದರೆ ನಾನು ಇವತ್ತಿಗೂ ಮುಟ್ಟಿನ ನೋವು ಎಂದುಕೊಂಡೇ ಇರುತ್ತಿದ್ದೆ.

ಗೋಕರ್ಣ ಕ್ರಾಸ್

ನನಗೂ ಇದೇ. 8 ವರ್ಷ. ಓದಿ ಕೈ ನಡುಗಿತು.

ನಿವೃತ್ತ ನರ್ಸ್, ಕಾರವಾರ

ತಂಗಿ, ನಿನ್ನ ಡಾಕ್ಟರು ಕೇಳಿದ ಪ್ರಶ್ನೆ ಅರ್ಧ ರೋಗ ಪತ್ತೆ ಮಾಡಿದ ಹಾಗೆ. ಹೆರಿಗೆ ವಾರ್ಡು, ಸ್ತ್ರೀರೋಗ ವಿಭಾಗ ಎರಡರಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೋವು ಹೊಸ್ತಿಲಲ್ಲಿ ಅಂದರೆ ಶುರುವಿನಲ್ಲೇ ಉರಿ, ಸೀಳಿದ ಹಾಗೆ, ಅಥವಾ ಒಳಗೆ ಹೋಗಲಿಕ್ಕೇ ಆಗದ ಹಾಗೆ. ಇದಕ್ಕೆ ಒಣಗುವುದು ಒಂದು ಕಾರಣ: ಮುಟ್ಟು ನಿಲ್ಲುವ ಕಾಲ, ಮಗುವಿಗೆ ಹಾಲು ಕೊಡುವ ಕಾಲ, ಅಂಡಾಶಯ ತೆಗೆಸಿಕೊಂಡವರು. ಸೋಂಕು ಇನ್ನೊಂದು. ಹೆರಿಗೆಯಲ್ಲಿ ಹಾಕಿದ ಹೊಲಿಗೆಯ ಗಾಯದ ಕಲೆ, ಬಿಳಿ ಮಚ್ಚೆಯಾಗಿ ವಿಪರೀತ ತುರಿಸುವ ಚರ್ಮರೋಗ, ಸ್ನಾಯು ತಾನಾಗಿ ಬಿಗಿದುಕೊಳ್ಳುವುದು, ಇವೂ ಇವೆ. ನೋವು ಆಳದಲ್ಲಿ ಅಂದರೆ ಒಳಗೆ ಏನೋ ತಾಗಿದ ಹಾಗೆ, ಆಮೇಲೂ ಉಳಿಯುವ ನೋವು. ಅದಕ್ಕೆ ಎಂಡೊಮೆಟ್ರಿಯೋಸಿಸ್, ಗರ್ಭನಾಳದ ಸೋಂಕು, ಅಂಡಾಶಯದ ಗಂಟು, ಕೆಲವೊಮ್ಮೆ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ, ಹಿಂದಿನ ಆಪರೇಷನ್ನಿನ ಅಂಟು ಕಾರಣ ಆಗಬಹುದು. ಎರಡಕ್ಕೂ ಔಷಧಿ ಬೇರೆ, ದಾರಿ ಬೇರೆ. ಅದಕ್ಕೇ ಆ ಪ್ರಶ್ನೆ.

ಎಂಡೊಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಹೊರಗೆ, ಅಂಡಾಶಯದ ಮೇಲೆ, ಗರ್ಭಕೋಶವನ್ನು ಹಿಂದೆ ಹಿಡಿದಿರುವ ಪಟ್ಟಿಗಳ ಮೇಲೆ, ಕರುಳಿನ ಹತ್ತಿರ ಬೆಳೆಯುವುದು. ತಿಂಗಳು ತಿಂಗಳೂ ಅಲ್ಲಿ ಉರಿಯೂತ, ಆಮೇಲೆ ಅಂಟು. ಸೇರುವಾಗ ತಾಗುವುದು ಆ ಹಿಂದಿನ ಜಾಗಕ್ಕೇ. ಸಂಡಾಸಿಗೆ ಕೂತಾಗಿನ ನೋವೂ ಅದರ ತಮ್ಮನೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ 100ಕ್ಕೆ 10 ಮಂದಿಗೆ ಇದೆ. ಅಪರೂಪದ ಕಾಯಿಲೆಯಲ್ಲ. ಚಾಕಲೇಟ್ ಸಿಸ್ಟ್ ಸ್ಕ್ಯಾನಿನಲ್ಲಿ ಕಾಣುತ್ತದೆ, ಆದರೆ ತೆಳುವಾಗಿ ಹರಡಿದ ಕಲೆಗಳು ಕಾಣುವುದಿಲ್ಲ. ಹಾಗಾಗಿ ಸ್ಕ್ಯಾನ್ ನಾರ್ಮಲ್ ಎಂದು ಬಂದ ಮಾತ್ರಕ್ಕೆ ನಿನ್ನ ನೋವು ಸುಳ್ಳಾಗುವುದಿಲ್ಲ. ಈಗ ಲಕ್ಷಣ ಕೇಳಿಯೇ ಔಷಧಿ ಶುರು ಮಾಡುವುದೂ ಉಂಟು. ಆದರೆ ಲಕ್ಷಣ ನಾವು ಹೇಳಬೇಕಲ್ಲ.

ಇನ್ನೊಂದು ವಿಷಯ ಗಮನಿಸಿ. ಸ್ಕ್ಯಾನ್ ಕೋಣೆಯಲ್ಲಿ "ಮದುವೆ ಆಗಿದೆಯಾ?" ಎಂದು ಕೇಳುತ್ತಾರೆ. ಅವರು ಕೇಳುತ್ತಿರುವುದು ಮದುವೆ ಊಟದ ವಿಷಯವಲ್ಲ, ಸಂಪರ್ಕ ಆಗಿದೆಯೇ, ಒಳಗಿನಿಂದ ಸ್ಕ್ಯಾನ್ ಮಾಡಬಹುದೇ ಎಂದು. ಮದುವೆಯಾಗಿಯೂ ಸಂಪರ್ಕ ಸಾಧ್ಯವಾಗದವರು, ಮದುವೆಯಾಗದೆಯೂ ಆದವರು, ಇಬ್ಬರೂ ಅಲ್ಲಿ ತಪ್ಪು ಉತ್ತರ ಕೊಟ್ಟು ಬರುತ್ತಾರೆ. ನಿಜ ಹೇಳಿ. ಆ ಕೋಣೆಯಿಂದ ಮಾತು ಹೊರಗೆ ಹೋಗಬಾರದು, ಅದು ಅವರ ಜವಾಬ್ದಾರಿ.

ಯಾವ ಮಾತಿನಲ್ಲಿ ಅಂತ ಕೇಳಿದ್ದೀಯ. ಇಷ್ಟು ಸಾಕು: "ಡಾಕ್ಟರೇ, ಗಂಡನ ಜೊತೆ ಸೇರುವಾಗ ನೋವಾಗ್ತದೆ. ಆಳದಲ್ಲಿ. ಎರಡು ವರ್ಷ ಆಯ್ತು." ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಇಡು. ನನ್ನ ಕೈಗೇ ಅಂಥ ಚೀಟಿಗಳು ಬಂದಿವೆ. ಒಂದು ಹುಡುಗಿ ಬಸ್ ಟಿಕೆಟಿನ ಹಿಂದೆ ಬರೆದುಕೊಂಡು ಬಂದಿದ್ದಳು.

ಸೇರಿದ ಮೇಲೆ ರಕ್ತ ಕಂಡರೆ ಮಾತ್ರ ತಡ ಮಾಡಬೇಡಿ. ಸೋಂಕಿನಿಂದಲೂ ಆಗಬಹುದು, ಒಣಗಿದ್ದರಿಂದಲೂ ಆಗಬಹುದು, ಆದರೆ ಗರ್ಭಕಂಠದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. 30 ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆ ತಪಾಸಣೆ ಇದೆ, ದುಡ್ಡು ಕೊಡಬೇಕಾಗಿಲ್ಲ.

ತೋಟದಮನೆ, ಶಿರಸಿ ಕಡೆ

ನನ್ನದು ಹೊಸ್ತಿಲ ನೋವು. ಅಕ್ಕ ಬರೆದ ಮೇಲೆ ಧೈರ್ಯ ಬಂತು.

ಮದುವೆಯಾಗಿ ಎರಡೂವರೆ ವರ್ಷ ನಮ್ಮಿಬ್ಬರ ನಡುವೆ ಏನೂ ಆಗಲೇ ಇಲ್ಲ. ಇವರು ಒಳ್ಳೆಯವರು, ನನಗೂ ಇಷ್ಟ, ಆದರೂ ಆ ಹೊತ್ತಿಗೆ ಅಲ್ಲಿ ಗೋಡೆ. ಸೂಜಿ ಕಂಡ ಮಗು ಕೈ ಬಿಗಿ ಹಿಡಿಯುವುದಿಲ್ಲವೇ, ಬಿಡು ಅಂದಷ್ಟೂ ಇನ್ನೂ ಬಿಗಿ ಮಾಡುತ್ತದಲ್ಲ, ಹಾಗೆ. ಬಿಗಿ ಮಾಡುತ್ತಿರುವುದು ನಾನಲ್ಲ ಎಂದು ನನಗೆ ಗೊತ್ತಿತ್ತು, ನಂಬಿಸುವುದು ಹೇಗೆಂದು ಗೊತ್ತಿರಲಿಲ್ಲ. ಆಯಿ (ಅಮ್ಮ) ಹತ್ತಿರ ಹೇಳಿದರೆ ಅವಳು ಹೆದರಿ "ಯಾರ ಹತ್ರನೂ ಹೇಳಡ ಕೂಸೆ" ಅಂದಳು. ಅತ್ತೆ ಮಗುವಿಗಾಗಿ ಮಾರಿಕಾಂಬೆಗೆ ಹರಕೆ ಹೊತ್ತರು. ದೇವಿಯ ಎದುರು ಕಣ್ಣು ಮುಚ್ಚಿ ನಿಂತಾಗ ನನಗೆ ಅನಿಸುತ್ತಿತ್ತು, ಅಮ್ಮಾ, ನಿನಗೆ ಒಬ್ಬಳಿಗೇ ಗೊತ್ತು.

ಆಮೇಲೆ ಯಾವುದೋ ವಿಡಿಯೋ ನೋಡಿ ಕೀಗಲ್ ವ್ಯಾಯಾಮ ಶುರು ಮಾಡಿದೆ. ದಿನಕ್ಕೆ ನೂರು ಸಲ. ಇನ್ನೂ ಕಷ್ಟವಾಯಿತು! ಇದನ್ನು ದಯವಿಟ್ಟು ಎಲ್ಲರೂ ಓದಿ. ಕೀಗಲ್ ಸಡಿಲವಾದ ಸ್ನಾಯುವನ್ನು ಗಟ್ಟಿ ಮಾಡುವ ವ್ಯಾಯಾಮ. ನನ್ನ ಸ್ನಾಯು ಮೊದಲೇ ಬಿಗಿ. ನನಗೆ ಬೇಕಾಗಿದ್ದು ಅದರ ಉಲ್ಟಾ, ಬಿಡುವುದನ್ನು ಕಲಿಯುವುದು.

ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬರು ಡಾಕ್ಟರು ವ್ಯಾಜಿನಿಸ್ಮಸ್ ಎಂದು ಹೆಸರು ಹೇಳಿ, ಅದೇ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ಮೊದಲ ಎರಡು ವಾರ ಬರೀ ಉಸಿರಾಟ. ಹೊಟ್ಟೆ ತುಂಬ ಉಸಿರು ತೆಗೆದುಕೊಂಡಾಗ ಕೆಳಗಿನ ಸ್ನಾಯು ಇಳಿಯುತ್ತದೆ, ಅದನ್ನು ಗುರುತಿಸಬೇಕು. ಆಮೇಲೆ ಕನ್ನಡಿ ಹಿಡಿದು ನೋಡಿಕೊಳ್ಳುವುದು. 27 ವರ್ಷಕ್ಕೆ ಮೊದಲ ಸಲ ನನ್ನ ದೇಹವನ್ನು ನಾನು ನೋಡಿದ್ದು. ಆಮೇಲೆ ಸಿಲಿಕೋನಿನ ಕೊಳವೆಗಳು, ಒಂದಕ್ಕಿಂತ ಒಂದು ದಪ್ಪ, ಮೊದಲನೆಯದು ಕಿರುಬೆರಳಿನಷ್ಟು. ಜೆಲ್ ಹಚ್ಚಿ, ದಿನಾ ಹತ್ತು ನಿಮಿಷ, ನನ್ನದೇ ಕೈಯಲ್ಲಿ. ನೋವಾದರೆ ಅಲ್ಲಿಗೆ ನಿಲ್ಲಿಸುವುದು. ಆ ಇಡೀ ಅವಧಿಯಲ್ಲಿ ಸೇರುವ ಪ್ರಯತ್ನವೇ ಬೇಡ ಎಂದು ಇಬ್ಬರಿಗೂ ಹೇಳಿದ್ದರು. ಆ ಮಾತಿನಿಂದಲೇ ನನ್ನ ಅರ್ಧ ಹೆದರಿಕೆ ಹೋಯಿತು. ರಾತ್ರಿ ಇವರು ಹತ್ತಿರ ಬಂದು ಕೈ ಹಿಡಿದರೆ ಮುಂದೆ ಏನೋ ಎಂದು ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

5 ತಿಂಗಳು ಹಿಡಿಯಿತು. ಹುಬ್ಬಳ್ಳಿಗೆ ಹೋಗಿ ಬರುವ ದಿನ ಮನೆಯಲ್ಲಿ ಹಲ್ಲಿನ ಚಿಕಿತ್ಸೆ ಎಂದು ಹೇಳುತ್ತಿದ್ದೆವು. ಈಗ ಎಲ್ಲ ಸರಿ ಇದೆ.

ಹೊನ್ನಾವರದವ

ಗಂಡಸು ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಎರಡನೇ ಹೆರಿಗೆ ಆಗಿ 11 ತಿಂಗಳು. ಹೆಂಡತಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನನ್ನ ಮೇಲೆ ಮನಸ್ಸಿಲ್ಲ ಎಂದುಕೊಂಡು ನಾನೂ ಮಾತು ಕಡಿಮೆ ಮಾಡಿದ್ದೆ. ಇದನ್ನೆಲ್ಲ ಓದಿದ ಮೇಲೆ ನಿನ್ನೆ ರಾತ್ರಿ ನೋವಾಗುತ್ತದಾ ಎಂದು ಕೇಳಿದೆ. ಹೊಲಿಗೆ ಹಾಕಿದ ಜಾಗ ಉರಿಯುತ್ತದೆ ಎಂದಳು. ಹನ್ನೊಂದು ತಿಂಗಳಲ್ಲಿ ನಾನು ಕೇಳಲೇ ಇಲ್ಲ. ಏನು ಮಾಡಬೇಕು ಹೇಳಿ.

ನಿವೃತ್ತ ನರ್ಸ್, ಕಾರವಾರ

ಬರೆದದ್ದು ಒಳ್ಳೆಯದಾಯಿತು ತಮ್ಮಾ. ಹಾಲು ಕುಡಿಸುವಷ್ಟು ದಿನ ಈಸ್ಟ್ರೊಜೆನ್ ಎಂಬ ಹೆಣ್ಣಿನ ಹಾರ್ಮೋನು ಕಡಿಮೆ ಇರುತ್ತದೆ, ಅದಕ್ಕೇ ಒಣಗುತ್ತದೆ. ಅದರ ಮೇಲೆ ಹೊಲಿಗೆಯ ಕಲೆ. ಅದರ ಮೇಲೆ ನಿದ್ದೆ ಇಲ್ಲ. ರಕ್ತ ಕಡಿಮೆ ಇದೆಯೋ, ಮನಸ್ಸು ಕುಗ್ಗಿದೆಯೋ ಅದನ್ನೂ ನೋಡಿಸು. ಹೆರಿಗೆಯ ನಂತರದ ಖಿನ್ನತೆ ನಮ್ಮಲ್ಲಿ "ಮೈಗಳ್ಳತನ" ಎಂಬ ಹೆಸರಿನಲ್ಲಿ ಅಡಗಿರುತ್ತದೆ. ಕಲೆಗೆ ಮಸಾಜ್ ಇದೆ, ಮುಲಾಮು ಇದೆ, ತೀರಾ ಬೇಕಾದರೆ ಸಣ್ಣ ಸರಿಪಡಿಸುವಿಕೆ ಇದೆ. ಡಾಕ್ಟರ್ ಹತ್ತಿರ ಜೊತೆಗೆ ಹೋಗು, ಒಳಗೆ ಬರಬೇಕೋ ಬೇಡವೋ ಅವಳೇ ಹೇಳಲಿ. ಅಲ್ಲಿಯವರೆಗೆ ಒತ್ತಾಯ ಬೇಡ.

ಒಂದು ಮಾತು ಎಲ್ಲ ಗಂಡಸರಿಗೂ. ನೋವು ತಿಂದ ದೇಹ ಮುಂದಿನ ಸಲ ಮೊದಲೇ ಹೆದರುತ್ತದೆ. ಹೆದರಿದರೆ ಒದ್ದೆಯಾಗುವುದಿಲ್ಲ, ಸ್ನಾಯು ಬಿಗಿಯುತ್ತದೆ, ಮತ್ತೆ ನೋವು. ಹೊರಗಿನಿಂದ ನೋಡುವವರಿಗೆ ಅದು "ಆಸೆ ಇಲ್ಲ" ಎಂದು ಕಾಣುತ್ತದೆ. ಆಸೆ ಎಲ್ಲಿಗೂ ಹೋಗಿಲ್ಲ, ನೋವಿನ ನೆನಪು ಅದರ ಮೇಲೆ ಕೂತಿದೆ.

ಬೇಲೇಕೇರಿ

ಇದು ನಮ್ಮ ಅವ್ವಿಯ ಮಾತು, ನಾನು ಟೈಪ್ ಮಾಡುತ್ತಿದ್ದೇನೆ. ಅವಳಿಗೆ 54. ಓದಿ ಹೇಳಿದೆ, ನನ್ನದನ್ನೂ ಹಾಕು ಅಂದಳು.

"ಚಿಕ್ಕಂದಿನಿಂದ ತಲೆ ಮೇಲೆ ಮೀನಿನ ಬುಟ್ಟಿ. ಹೆರಿಗೆಯಾಗಿ ತಿಂಗಳು ಕಳೆಯೋದ್ರೊಳಗೆ ಮತ್ತೆ ಬುಟ್ಟಿ ಹೊತ್ತಿದ್ದೆ. ನಾಲ್ಕು ಹೆರಿಗೆ. ಈಗ ಏಳೆಂಟು ವರ್ಷದಿಂದ ಸಂಜೆ ಹೊತ್ತಿಗೆ ಕೆಳಗೆ ಉಂಡೆ ಇಳಿದ ಹಾಗೆ ಆಗ್ತದೆ. ಮಲಗಿದ್ರೆ ಒಳಗೆ ಹೋಗ್ತದೆ, ನಿಂತ್ರೆ ಬರ್ತದೆ. ಕೆಮ್ಮಿದ್ರೆ ಮೂತ್ರ ಹೋಗ್ತದೆ. ಗಂಡನಿಗೆ ಹೇಗೆ ಹೇಳೋದು? ಮೊಮ್ಮಗಳ ಜೊತೆ ಮಲಗ್ತೇನೆ ಅಂತ ಹೇಳಿ ಹೊರಗಿನ ಕೋಣೆಗೆ ಬಂದವಳು ಮತ್ತೆ ಹೋಗಲಿಲ್ಲ. ಅವರೂ ಕರೀಲಿಲ್ಲ. ವಯಸ್ಸಾಯ್ತು ಅಂತ ಎಲ್ಲರೂ ಅಂದ್ಕೊಂಡ್ರು. ವಯಸ್ಸಿಗಲ್ಲ, ನಾಚಿಕೆಗೆ."

ಹೋದ ವರ್ಷ ಸ್ನಾನದ ಮನೆಯಲ್ಲಿ ಬಿದ್ದಾಗ ನಾನು ಎತ್ತಲು ಹೋಗಿ ನೋಡಿದೆ, ಗರ್ಭಕೋಶ ಕೆಳಗೆ ಜಾರಿತ್ತು. ಅದುವರೆಗೂ ನನಗೇ ಗೊತ್ತಿರಲಿಲ್ಲ, ಒಂದೇ ಮನೆಯಲ್ಲಿ ಇದ್ದೂ. ಆಪರೇಷನ್ ಬೇಡ ಎಂದು ಹಟ ಹಿಡಿದಳು. ಡಾಕ್ಟರು ರಿಂಗ್ ಹಾಕಿದರು. ಮೆತ್ತಗೆ ಬಾಗುವ ಬಳೆಯಂಥದ್ದು, ಮಡಚಿ ಒಳಗೆ ಹಾಕುತ್ತಾರೆ, ಅದು ಗರ್ಭಕೋಶವನ್ನು ಮೇಲೆ ಹಿಡಿದುಕೊಳ್ಳುತ್ತದೆ. ಕೆಲವು ತಿಂಗಳಿಗೊಮ್ಮೆ ಹೋಗಿ ತೆಗೆಸಿ ತೊಳೆಸಿ ನೋಡಿಸಬೇಕು. ಅವಳಿಗೆ ಕೇಳಲು ನಾಚಿಕೆಯಾದ ಪ್ರಶ್ನೆಯನ್ನು ನಾನೇ ಕೇಳಿದೆ: ರಿಂಗ್ ಇದ್ದಾಗ ಗಂಡ ಹೆಂಡತಿ ಸೇರಬಹುದಾ? ಈ ತರಹದ ಬಳೆ ಇದ್ದರೆ ಸೇರಬಹುದು, ಬೇಡವೆನಿಸಿದರೆ ತೆಗೆದು ಹಾಕಿಕೊಳ್ಳಲು ಕಲಿಸುತ್ತೇವೆ ಎಂದರು. ಅವ್ವಿ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಬಹಳ ದಿನದ ಮೇಲೆ ಹಾಗೆ ನಕ್ಕಿದ್ದು ನೋಡಿದೆ.

ತೋಟದಮನೆ, ಶಿರಸಿ ಕಡೆ

ನಮ್ಮ ಕಡೆ ಬೆಟ್ಟದಿಂದ ಸೊಪ್ಪಿನ ಹೊರೆ, ದರಕಿನ (ಒಣ ಎಲೆಯ) ಹೊರೆ ತರುವವರಲ್ಲೂ ಇದು ಎಷ್ಟೋ ಮಂದಿಗೆ ಇರಬೇಕು. ಯಾರೂ ಬಾಯಿ ಬಿಡುವುದಿಲ್ಲ. ಅವ್ವಿಗೆ ನನ್ನ ನಮಸ್ಕಾರ ತಿಳಿಸಿ.

ಭಟ್ಕಳ ರಸ್ತೆ

ನಾನು ಗರ್ಭಕೋಶ ತೆಗೆಸಿಕೊಂಡವಳು. 38ಕ್ಕೆ. ಫೈಬ್ರಾಯ್ಡ್ ಗಡ್ಡೆ, ವಿಪರೀತ ರಕ್ತಸ್ರಾವ. ಮಕ್ಕಳಾಗಿವೆ, ಇನ್ನು ಚೀಲ ಯಾಕೆ, ಇಟ್ಟುಕೊಂಡರೆ ಮುಂದೆ ಕ್ಯಾನ್ಸರ್ ಆದೀತು ಎಂದರು. ಬೇರೆ ದಾರಿ ಇದೆ ಎಂದು ಯಾರೂ ಹೇಳಲಿಲ್ಲ. ಸಹಿ ಮಾಡಿದೆ. ಮನೆಗೆ ಬಂದು ಡಿಸ್ಚಾರ್ಜ್ ಕಾರ್ಡನ್ನು ಮಗಳಿಗೆ ಓದಲು ಕೊಟ್ಟಾಗ ಎರಡೂ ಅಂಡಾಶಯ ತೆಗೆದಿದ್ದಾರೆ ಎಂದು ಗೊತ್ತಾಯಿತು. ಹತ್ತನೇ ಕ್ಲಾಸಿನ ಮಗಳ ಬಾಯಿಂದ.

ಒಂದು ತಿಂಗಳೊಳಗೆ ಮೈಯೆಲ್ಲ ಬೆಂಕಿ, ಬೆವರು, ರಾತ್ರಿ ನಿದ್ದೆ ಇಲ್ಲ. ಕೆಳಗೆ ಒಣಗಿ ಮರಳಿನ ಕಾಗದದ ಹಾಗೆ. ಸೇರಿದರೆ ಉರಿ, ಮರುದಿನ ಉರಿಮೂತ್ರ. ಒಳಗೆ ಏನೂ ಇಲ್ಲ, ಖಾಲಿ ಎಂಬ ಭಾವನೆ ಬೇರೆ. ಗಂಡನಿಗೂ ಏನೋ ಅಳುಕು. ದಯವಿಟ್ಟು ಯಾರೂ ತೆಗೆಸಿಕೊಳ್ಳಬೇಡಿ.

ಕಾಳಿ ಸೇತುವೆ

ಅಕ್ಕಾ, ನಿಮ್ಮ ನೋವು ಓದಿ ಸಂಕಟವಾಯಿತು. ಆದರೆ "ಯಾರೂ ಬೇಡ" ಎನ್ನಬೇಡಿ. ನಾನೂ ತೆಗೆಸಿಕೊಂಡಿದ್ದೇನೆ, 44ಕ್ಕೆ. ತಿಂಗಳಲ್ಲಿ 20 ದಿನ ರಕ್ತ, ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮಾತ್ರೆ ನೋಡಿದೆವು, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಇರುವ ಲೂಪ್ ಹಾಕಿಸಿ ನೋಡಿದೆವು, ಗಡ್ಡೆ ದೊಡ್ಡದಿತ್ತು, ಲೂಪ್ ನಿಲ್ಲಲಿಲ್ಲ. ಗರ್ಭಕೋಶ ಮಾತ್ರ ತೆಗೆದರು, ಅಂಡಾಶಯ ಇಟ್ಟರು. ಈಗ ನಮ್ಮ ದಾಂಪತ್ಯ ಮೊದಲಿಗಿಂತ ಚೆನ್ನಾಗಿದೆ, ಹೇಳಲು ನಾಚಿಕೆ ಏನು? ಯಾವಾಗ ರಕ್ತ ಬರುತ್ತದೋ, ಹಾಸಿಗೆ ಹಾಳಾಗುತ್ತದೋ ಎಂಬ ಭಯವೇ ಇಲ್ಲ.

ಭಟ್ಕಳ ರಸ್ತೆ

ನಿಮಗೆ ಕೇಳಿ, ಹೇಳಿ ಮಾಡಿದರು. ನನಗೆ ಹೇಳಲಿಲ್ಲ. ನನ್ನ ಸಿಟ್ಟು ಅದಕ್ಕೆ.

ನಿವೃತ್ತ ನರ್ಸ್, ಕಾರವಾರ

ಇಬ್ಬರ ಮಾತೂ ಸರಿ. ವ್ಯತ್ಯಾಸ ಇರುವುದು ಅಂಡಾಶಯದಲ್ಲಿ, ಮತ್ತು ಕೇಳಿ ಮಾಡಿದ್ದರಲ್ಲಿ. ಗರ್ಭಕೋಶ ಹೋದರೆ ಮುಟ್ಟು ಹೋಗುತ್ತದೆ, ಮಗು ಆಗುವುದಿಲ್ಲ. ಹಾರ್ಮೋನು ಬರುವುದು ಅಂಡಾಶಯದಿಂದ. 38ಕ್ಕೆ ಎರಡೂ ತೆಗೆದರೆ ಮುಟ್ಟು ನಿಲ್ಲುವ ಕಾಲ ಒಂದೇ ದಿನದಲ್ಲಿ ಬಂದ ಹಾಗೆ. ನಮ್ಮ ದೇಶದ ಹೆಂಗಸರಿಗೆ ಅದು ತಾನಾಗಿ ಬರುವುದು 46-47ರ ಆಸುಪಾಸು. ಯೋನಿಯೇನೂ ಎಲ್ಲಿಗೂ ಹೋಗುವುದಿಲ್ಲ, ಒಳಗೆ ಖಾಲಿಯೂ ಆಗುವುದಿಲ್ಲ. ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಆ ಹೊಲಿಗೆ ಮಾಯಲು 6ರಿಂದ 8 ವಾರ ಬಿಡಬೇಕು, ಆಮೇಲೆ ಡಾಕ್ಟರು ನೋಡಿ ಹೇಳುತ್ತಾರೆ.

ಭಟ್ಕಳದ ತಂಗಿಗೆ ಹೇಳುವುದು: ಇದಕ್ಕೆ ಇನ್ನೂ ದಾರಿ ಇದೆ, ಮುಗಿದುಹೋದ ಕಥೆಯಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ಹೋದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಕೊಡುವ ಪದ್ಧತಿ ಇದೆ. ಮೂಳೆಗೂ, ಹೃದಯಕ್ಕೂ ಅದು ಬೇಕು. ಒಣಗಿದ್ದಕ್ಕೆ ಒಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಇದೆ: ಸಾಮಾನ್ಯವಾಗಿ ಮೊದಲು ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಮೈಗೆ ಸೇರುವುದು ಬಹಳ ಕಡಿಮೆ. ಕೆಲವು ವಾರ ಬಿಡದೆ ಹಚ್ಚಬೇಕು, ನಾಲ್ಕು ದಿನಕ್ಕೆ ಫಲ ಸಿಗುವುದಿಲ್ಲ. ಡಿಸ್ಚಾರ್ಜ್ ಕಾರ್ಡ್ ಹಿಡಿದುಕೊಂಡು ಹೋಗು. ಉರಿಮೂತ್ರ ಮತ್ತೆ ಮತ್ತೆ ಬರುವುದೂ ಅದೇ ಒಣಗಿದ್ದರ ಕಾರಣಕ್ಕೆ ಇರಬಹುದು, ಆ ಕ್ರೀಮಿನಿಂದ ಅದೂ ಕಡಿಮೆಯಾಗುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ 3 ಮಂದಿ ಗರ್ಭಕೋಶ ತೆಗೆಸಿಕೊಂಡವರು ಇದ್ದರು. ನಮ್ಮದೇ ರಾಜ್ಯದ ಕಲಬುರಗಿ ಕಡೆ ಲಂಬಾಣಿ ಹೆಣ್ಣುಮಕ್ಕಳಿಗೆ ಬೇಡದ ಆಪರೇಷನ್ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು. 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಇದನ್ನು ತಡೆಯಲು ಮಾರ್ಗಸೂಚಿ ತಂದಿತು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳೂ ಅದನ್ನು ಪಾಲಿಸಬೇಕು ಎಂದಿತು. ಹಾಗಾಗಿ ಸಹಿ ಮಾಡುವ ಮುಂಚೆ ಕೇಳಿ: ಗಡ್ಡೆ ಮಾತ್ರ ತೆಗೆಯಬಹುದಾ, ಮಾತ್ರೆ ಅಥವಾ ಲೂಪ್ ಆಗುತ್ತದಾ, ಅಂಡಾಶಯ ತೆಗೆಯುತ್ತೀರಾ, ತೆಗೆದರೆ ಯಾಕೆ. ಕೇಳಿದರೆ ಸಿಟ್ಟು ಮಾಡುವವರಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ. "ಮುಂದೆ ಕ್ಯಾನ್ಸರ್ ಆದೀತು" ಎಂಬ ಬರೀ ಮಾತಿಗೆ ಒಳ್ಳೆಯ ಗರ್ಭಕೋಶ ತೆಗೆಸಬೇಡಿ.

ಯಲ್ಲಾಪುರ, 26

ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇದ್ದವರು ಯಾರಾದರೂ ಇದ್ದೀರಾ? ನನಗೆ ನೋವೇನಿಲ್ಲ. ಗದ್ದದ ಮೇಲೆ ಕೂದಲು, ಮೊಡವೆ, ಮದುವೆಯಾದ ಮೇಲೆ 9 ಕೆ.ಜಿ. ಹೆಚ್ಚಾಗಿದೆ. ಅವರು ಮುಖ ಮುಟ್ಟಲು ಬಂದರೆ ಕೈ ತಳ್ಳುತ್ತೇನೆ, ಕೂದಲು ಕೈಗೆ ಸಿಗುತ್ತದಲ್ಲ ಎಂದು. ದೀಪ ಹಾಕಲು ಬಿಡುವುದಿಲ್ಲ. ಇದನ್ನೆಲ್ಲ ಡಾಕ್ಟರ್ ಹತ್ತಿರ ಹೇಳುವುದಾ? ಅವರು ಮುಟ್ಟು ಸರಿ ಆಯ್ತಾ ಎಂದು ಮಾತ್ರ ಕೇಳುತ್ತಾರೆ.

ಕಾಳಿ ಸೇತುವೆ

ಹೇಳಬೇಕು ತಂಗಿ. ನನ್ನ ಮಗಳಿಗೂ ಇದೆ. ಪಿಸಿಓಡಿ ಇದ್ದವರ ಮನಸ್ಸನ್ನೂ ದಾಂಪತ್ಯವನ್ನೂ ಕೇಳಬೇಕು ಎಂದು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ ಎಂದು ಅವಳ ಡಾಕ್ಟರು ಹೇಳಿದರು. ಕೂದಲಿಗೆ ಬೇರೆ ಔಷಧಿ ಇದೆ, ಫಲ ಕಾಣಲು ಆರು ತಿಂಗಳಾದರೂ ಬೇಕು. ತೂಕ ಸ್ವಲ್ಪ ಇಳಿದರೂ ಮುಟ್ಟು ಸುಧಾರಿಸುತ್ತದೆ. ಮತ್ತೆ, ನಿಮ್ಮವರು ಮುಖ ಮುಟ್ಟಲು ಬರುತ್ತಿದ್ದಾರಲ್ಲ, ಅವರ ಕಣ್ಣಿಗೆ ಆ ಕೂದಲು ನಿಮಗೆ ಕಂಡಷ್ಟು ದೊಡ್ಡದಾಗಿ ಕಂಡಿಲ್ಲ.

ಆಶಾ ಅಕ್ಕ, ಹೊನ್ನಾವರ ತಾಲೂಕು

ಯಾರೂ ಬಿಳಿ ಸೆರಗಿನ ವಿಷಯ ಎತ್ತಲಿಲ್ಲ, ನಾನು ಮನೆ ಮನೆಯಲ್ಲಿ ಕೇಳುವುದು ಅದನ್ನೇ. ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆಯ ಲೋಳೆಯ ಹಾಗೆ ತೆಳ್ಳಗೆ ಹೋಗುವುದು ಸಹಜ, ಅದಕ್ಕೆ ಔಷಧಿ ಬೇಡ. ಒಡೆದ ಮೊಸರಿನ ಹಾಗಿದ್ದು ತುರಿಕೆ ಇದ್ದರೆ ಫಂಗಸ್ ಇರಬಹುದು; ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿ. ಸೇರಿದ ಮೇಲೆ ಮೀನಿನ ವಾಸನೆ ಬರುವುದು ಬೇರೆ ಸೋಂಕು. ನೊರೆ ನೊರೆಯಾಗಿ ಹಸಿರು ಹಳದಿ ಹೋಗುತ್ತಿದ್ದರೆ ಗಂಡ ಹೆಂಡತಿ ಇಬ್ಬರೂ ಔಷಧಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅವಳಿಗೆ ವಾಸಿಯಾಗುತ್ತದೆ, ಮತ್ತೆ ಅವನಿಂದ ಬರುತ್ತದೆ. ಗಂಡನನ್ನು ಕರೆತನ್ನಿ ಎಂದರೆ ಮನೆಯಲ್ಲಿ ಜಗಳ ಆಗುತ್ತದೆ, ಗೊತ್ತು. ಆದರೂ ಕರೆತನ್ನಿ.

ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಬಣ್ಣದ ಪೊಟ್ಟಣದಲ್ಲಿ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಸೆರಗಿಗೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ. ಹಳದಿ ಪೊಟ್ಟಣ ಅರ್ಧಕ್ಕೆ ಬಿಡಬೇಡಿ, ಸೋಂಕು ಗರ್ಭನಾಳಕ್ಕೆ ಏರಿ ಅಲ್ಲಿ ಅಂಟು ಕಟ್ಟಿದರೆ ಆಳದ ನೋವು ಉಳಿದುಬಿಡುತ್ತದೆ. ಜ್ವರ ಬಂದು ಹೊಟ್ಟೆ ಮುಟ್ಟಲು ಆಗದಿದ್ದರೆ ಅವತ್ತೇ ಆಸ್ಪತ್ರೆಗೆ.

ಸಾಬೂನು, ಡೆಟಾಲ್ ಹಾಕಿ ಒಳಗೆ ತೊಳೆಯಬೇಡಿ. ದೇವರ ಮನೆ ತೊಳೆದ ಹಾಗೆ ತೊಳೆಯುತ್ತಾರೆ ನಮ್ಮವರು. ಒಳಗೆ ಇರುವ ಒಳ್ಳೆಯ ಕ್ರಿಮಿಗಳೆಲ್ಲ ಸತ್ತು ಸೋಂಕು ಜಾಸ್ತಿಯಾಗುತ್ತದೆ. ಹೊರಗೆ ನೀರು ಸಾಕು.

ಗೋಕರ್ಣ ಕ್ರಾಸ್

ಒಣಗುವುದಕ್ಕೆ ತೆಂಗಿನ ಎಣ್ಣೆ ಹಚ್ಚಬಹುದಾ? ಜೆಲ್ ಕೇಳಲು ಮೆಡಿಕಲ್ ಶಾಪಿಗೆ ಹೋಗಲು ಆಗುವುದಿಲ್ಲ. ಅಂಗಡಿಯವರು ಮಾವನ ಸ್ನೇಹಿತರು.

ಆಶಾ ಅಕ್ಕ, ಹೊನ್ನಾವರ ತಾಲೂಕು

ನಿರೋಧ್ ಬಳಸುವುದಾದರೆ ಎಣ್ಣೆ ಬೇಡವೇ ಬೇಡ, ರಬ್ಬರು ಹರಿಯುತ್ತದೆ. ನೀರಿನ ಅಂಶದ ಜೆಲ್ ಒಳ್ಳೆಯದು. ಕುಮಟಾ ಸಂತೆಗೆ ಹೋದಾಗ ಅಲ್ಲಿ ತೆಗೆದುಕೊಳ್ಳಿ, ಕಾಗದದಲ್ಲಿ ಸುತ್ತಿಯೇ ಕೊಡುತ್ತಾರೆ. ನಿಮ್ಮೂರಿನ ಆಶಾ ಹತ್ತಿರ ಹೇಳಿದರೆ ಅವಳೂ ತಂದುಕೊಟ್ಟಾಳು.

ಅಘನಾಶಿನಿ ದಂಡೆ

ಇಷ್ಟು ಜನ ಬರೆಯುತ್ತೀರಿ ಎಂದು ಎಣಿಸಿರಲಿಲ್ಲ. ಎಲ್ಲವನ್ನೂ ಇವರಿಗೆ ಓದಲು ಕೊಟ್ಟೆ. ಮೊದಲು ಹೊನ್ನಾವರದವರು ಬರೆದಿದ್ದನ್ನು ಓದಿದರು, ಎರಡು ಸಲ.

ನನಗೆ ಡಯೆನೋಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ಕೊಟ್ಟಿದ್ದಾರೆ. ಮುಟ್ಟು ನಿಂತಿದೆ, ಮೂರನೇ ತಿಂಗಳಿಗೆ ನೋವು ಅರ್ಧಕ್ಕರ್ಧ ಇಳಿದಿದೆ. ಈ ಮಾತ್ರೆಯಲ್ಲಿರುವಾಗ ಮಗುವಿಗೆ ಪ್ರಯತ್ನ ಬೇಡ, ಮಗುವಿನ ಯೋಚನೆಗೆ ಮುಂದೆ ಬೇರೆ ದಾರಿ ಹಿಡಿಯೋಣ, ಬೇಕಾದರೆ ದುರ್ಬೀನು ಆಪರೇಷನ್ ಎಂದಿದ್ದಾರೆ. ಮನೆಯಲ್ಲಿ ಅದನ್ನು ಹೇಳಿದ್ದು ಇವರೇ, "ಮೊದಲು ಅವಳ ನೋವು ಹೋಗಲಿ, ಆಮೇಲೆ ಉಳಿದಿದ್ದು" ಎಂದು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಅಕ್ಕನಿಗೂ ಹೀಗೇ ಮುಟ್ಟಿನಲ್ಲಿ ಉರುಳಾಡುವ ನೋವಿತ್ತು, ಮಕ್ಕಳಾಗಲಿಲ್ಲ, ವಾಪಸು ತವರಿಗೆ ಕಳಿಸಿಬಿಟ್ಟರು ಎಂದರು. ಆ ದೊಡ್ಡತ್ತೆಯನ್ನು ನಾನು ನೋಡಿಲ್ಲ.

ಡಾಕ್ಟರು ಇನ್ನೊಂದು ಹೇಳಿಕೊಟ್ಟರು. ಆಳದ ನೋವಿಗೆ ಹೆಂಗಸು ಮೇಲಿರುವ ಅಥವಾ ಪಕ್ಕಕ್ಕೆ ಮಲಗುವ ಕ್ರಮ ಹಗುರ, ಎಷ್ಟು ಆಳ ಎಂಬುದು ನಮ್ಮ ಕೈಯಲ್ಲಿ ಇರುತ್ತದೆ ಎಂದು. ಮುಟ್ಟಿನ ಹತ್ತಿರದ ದಿನ ಬಿಟ್ಟುಬಿಡಿ, ಸೇರುವುದೊಂದೇ ಪ್ರೀತಿಯಲ್ಲ ಎಂದರು. ಇದನ್ನೆಲ್ಲ ಒಬ್ಬ ಡಾಕ್ಟರು ಅಷ್ಟು ಸಲೀಸಾಗಿ, ಅನ್ನ ಹೇಗೆ ಮಾಡುವುದು ಎಂದು ಹೇಳಿದ ಹಾಗೆ ಹೇಳಿದರು.

ಮುಟ್ಟು ನಿಂತ ಮೇಲೆ ಸ್ವಲ್ಪ ಮಂಕು ಅನಿಸುತ್ತಿದೆ, ಆಸೆಯೂ ಕಡಿಮೆ. ಅದು ಮಾತ್ರೆಯಿಂದಲಾ?

ನಿವೃತ್ತ ನರ್ಸ್, ಕಾರವಾರ

ಆಗಬಹುದು, ಆ ಮಾತ್ರೆಯಲ್ಲಿ ಕೆಲವರಿಗೆ ಮನಸ್ಸು ಕುಗ್ಗುತ್ತದೆ, ಆಸೆ ತಗ್ಗುತ್ತದೆ. ನೀನಾಗಿ ನಿಲ್ಲಿಸಬೇಡ, ಅವರಿಗೆ ಹೇಳು. ಇದನ್ನೂ ಚೀಟಿಯಲ್ಲಿ ಸೇರಿಸಿಕೋ.

ಗೋಕರ್ಣ ಕ್ರಾಸ್

ನಾನು ಸೋಮವಾರ ಮಣಿಪಾಲಕ್ಕೆ ಹೊರಟಿದ್ದೇನೆ. ಇಲ್ಲಿಂದ ಅಷ್ಟು ದೂರ ಜನ ಅಪಘಾತಕ್ಕೆ, ಹೃದಯಕ್ಕೆ ಹೋಗುತ್ತಾರೆ, ಇದಕ್ಕೆ ಹೋಗುವುದಾ ಎಂದು 8 ವರ್ಷ ಸುಮ್ಮನಿದ್ದೆ. ಮನೆಯಲ್ಲಿ ಹೊಟ್ಟೆನೋವು ಎಂದಷ್ಟೇ ಹೇಳಿದ್ದೇನೆ. ಏನೇನು ತೆಗೆದುಕೊಂಡು ಹೋಗಬೇಕು?

ಅಘನಾಶಿನಿ ದಂಡೆ

ಹಳೆಯ ಸ್ಕ್ಯಾನ್ ರಿಪೋರ್ಟು ಎಲ್ಲ, ನಾರ್ಮಲ್ ಎಂದಿದ್ದರೂ. ಹಿಂದಿನ ಮೂರು ತಿಂಗಳ ಮುಟ್ಟಿನ ತಾರೀಖು, ಯಾವ ದಿನ ಎಷ್ಟು ನೋವು ಎಂದು. ನೋವಿನ ಬಗ್ಗೆ ಬರೆದ ಚೀಟಿ. ಬೆಳಿಗ್ಗೆ ಬೇಗ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿದರೆ ಸಂಜೆಯೊಳಗೆ ಸ್ಕ್ಯಾನ್ ಆದೀತು. ನನ್ನ ತಪಾಸಣೆಯೂ ಮುಂದಿನ ವಾರವೇ ಇರುವುದು, ಸೋಮವಾರಕ್ಕೆ ಬದಲಿಸಿಕೊಳ್ಳುತ್ತೇನೆ. ಕುಮಟಾ ಸ್ಟೇಷನ್ನಿನಲ್ಲಿ ಹತ್ತುತ್ತೇನೆ, ಯಾವ ಗಾಡಿ ಎಂದು ಒಳಗೆ ಮೆಸೇಜ್ ಮಾಡಿ.